ಬಯಾಪ್ಸಿ ಯಾವ ದ್ರವಕ್ಕೆ? ಫಾರ್ಮಾಲಿನ್ ಮತ್ತು ಅದರ ಪರ್ಯಾಯಗಳ ನಡುವೆ ಆಯ್ಕೆ ಮಾಡುವ ಕ್ರಮ

ಪ್ರಯೋಗಾಲಯದ ತಂತ್ರಜ್ಞರು, ಆಪರೇಷನ್ ಥಿಯೇಟರಿನ ನರ್ಸ್‌ಗಳು, ಪೆಥಾಲಜಿ ಓದುತ್ತಿರುವ ಸ್ನಾತಕೋತ್ತರ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘ಎಲ್ಲವನ್ನೂ ಫಾರ್ಮಾಲಿನ್‌ಗೇ ಹಾಕಬೇಕೆ? ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲವೆ?’ ಬಹುಪಾಲು ಬಯಾಪ್ಸಿಗಳಿಗೆ, ಅಂದರೆ ರೋಗ ಪತ್ತೆಗೆಂದು ದೇಹದಿಂದ ತೆಗೆದ ಅಂಗಾಂಶದ ಮಾದರಿಗಳಿಗೆ, ಬಫರ್ (ಆಮ್ಲ–ಕ್ಷಾರ ಮಟ್ಟ ಏರುಪೇರಾಗದಂತೆ ಕಾಯುವ ಲವಣಗಳು) ಬೆರೆಸಿದ 10% ಫಾರ್ಮಾಲಿನ್ ಸಾಕು, ಸರಿಯಾಗಿ ತಯಾರಿಸಿ ಸರಿಯಾಗಿ ಬಳಸಿದರೆ. ಉಳಿದ ಕೆಲವು ಮಾದರಿಗಳಿಗೆ ಅದು ಸಲ್ಲದು. ಆ ಕೆಲವನ್ನು ಮೊದಲೇ ಗುರುತಿಸುವುದರಲ್ಲೇ ಅರ್ಧ ಕೆಲಸವಿದೆ, ಏಕೆಂದರೆ ತಪ್ಪು ದ್ರವಕ್ಕೆ ಬಿದ್ದ ಅಂಗಾಂಶವನ್ನು ಮರಳಿ ಹಸಿಯಾಗಿಸಲು ಯಾರಿಂದಲೂ ಆಗದು. ಮತ್ತೊಮ್ಮೆ ತುಣುಕು ತೆಗೆಯಬೇಕೆಂದರೆ ಮತ್ತೊಮ್ಮೆ ಸೂಜಿ ಚುಚ್ಚಿಸಿಕೊಳ್ಳಬೇಕಾದವರು ರೋಗಿ.

ಮೊದಲು ಒಂದೆರಡು ಪದಗಳು. ದೇಹದಿಂದ ಹೊರಬಂದ ಕ್ಷಣದಿಂದಲೇ ಜೀವಕೋಶಗಳ ಒಳಗಿನ ಕಿಣ್ವಗಳು ಆ ಕೋಶಗಳನ್ನೇ ಕರಗಿಸಲು ತೊಡಗುತ್ತವೆ. ಇದಕ್ಕೆ ಆಟೊಲೈಸಿಸ್ ಎನ್ನುತ್ತೇವೆ. ಅದನ್ನು ತಡೆದು, ಅಂಗಾಂಶವನ್ನು ಇದ್ದ ಸ್ಥಿತಿಯಲ್ಲೇ ನಿಲ್ಲಿಸುವ ರಾಸಾಯನಿಕವೇ ಫಿಕ್ಸೇಟಿವ್, ಅಂದರೆ ಸ್ಥಿರೀಕಾರಕ. ಇವುಗಳಲ್ಲಿ ಎರಡು ಮುಖ್ಯ ಬಗೆ. ಫಾರ್ಮಾಲಿನ್, ಗ್ಲುಟರಾಲ್ಡಿಹೈಡ್‌ನಂಥವು ಪ್ರೋಟೀನ್‌ಗಳ ನಡುವೆ ರಾಸಾಯನಿಕ ಸೇತುವೆಗಳನ್ನು ಕಟ್ಟುತ್ತವೆ. ಆಲ್ಕೋಹಾಲ್, ಅಸಿಟೋನ್‌ಗಳು ನೀರನ್ನು ಎಳೆದುಕೊಂಡು ಪ್ರೋಟೀನ್‌ಗಳನ್ನು ಬೆಂದ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟಿಸುತ್ತವೆ. ಮೊದಲನೆಯ ಬಗೆ ನಿಧಾನ, ಆದರೆ ಕೋಶದ ಆಕಾರವನ್ನು ಚೆನ್ನಾಗಿ ಕಾಯುತ್ತದೆ. ಎರಡನೆಯದು ವೇಗ, ಆದರೆ ಅಂಗಾಂಶ ಕುಗ್ಗುತ್ತದೆ. ಮುಂದಿನ ಹೋಲಿಕೆಗಳೆಲ್ಲ ಈ ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಹಂತ 1: ಬಾಟಲಿ ತೆರೆಯುವ ಮೊದಲು ಪರೀಕ್ಷೆ ಯಾವುದೆಂದು ಕೇಳಿ

ಶಸ್ತ್ರಚಿಕಿತ್ಸೆಗೆ ಮುಂಚೆಯೇ ವೈದ್ಯರನ್ನು ಕೇಳಿ: ‘ಈ ತುಣುಕಿನಿಂದ ಏನೇನು ಪರೀಕ್ಷೆ ಆಗಬೇಕು?’ ಕೆಳಗಿನವುಗಳಲ್ಲಿ ಯಾವುದೇ ಒಂದು ಉತ್ತರ ಬಂದರೂ ಅಂಗಾಂಶವನ್ನು, ಅಥವಾ ಕನಿಷ್ಠ ಅದರ ಒಂದು ಭಾಗವನ್ನು, ಫಾರ್ಮಾಲಿನ್‌ನಿಂದ ದೂರವಿಡಬೇಕು.

• ಕ್ಷಯ ಅಥವಾ ಬೇರೆ ಸೋಂಕಿನ ಕಲ್ಚರ್, ಅಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ. ಫಾರ್ಮಾಲಿನ್ ರೋಗಾಣುವನ್ನು ಕೊಲ್ಲುತ್ತದೆ. ಈ ಭಾಗ ಸ್ಟೆರೈಲ್ ಡಬ್ಬಿಯಲ್ಲಿ ಸ್ವಲ್ಪ ಸಲೈನ್‌ನೊಂದಿಗೆ ಹೋಗಲಿ.
• ಫ್ರೋಜನ್ ಸೆಕ್ಷನ್, ಅಂದರೆ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಅಂಗಾಂಶವನ್ನು ಹೆಪ್ಪುಗಟ್ಟಿಸಿ ಕೊಡುವ ತುರ್ತು ವರದಿ. ಹಸಿಯಾಗಿಯೇ, ತಡಮಾಡದೆ ಕಳುಹಿಸಿ.
• ಸ್ನಾಯುವಿನ ಬಯಾಪ್ಸಿ. ಸಲೈನ್‌ನಲ್ಲಿ ಒದ್ದೆ ಮಾಡಿ ಹಿಂಡಿದ ಗಾಜ್ ಬಟ್ಟೆಯಲ್ಲಿ ಸುತ್ತಿ ಕಳುಹಿಸಬೇಕು. ಸಲೈನ್‌ನಲ್ಲಿ ತೇಲಿಬಿಟ್ಟರೆ ಹೆಪ್ಪುಗಟ್ಟಿಸುವಾಗ ಎಳೆಗಳ ನಡುವೆ ಮಂಜಿನ ಹರಳುಗಳೇಳುತ್ತವೆ.
• ಇಮ್ಯುನೋಫ್ಲೋರೆಸೆನ್ಸ್, ಅಂದರೆ ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳಿಂದ ಮಾಡುವ ಪರೀಕ್ಷೆ. ಗುಳ್ಳೆ ಏಳುವ ಚರ್ಮರೋಗಗಳಲ್ಲಿ, ಮೂತ್ರಪಿಂಡದ ಕಾಯಿಲೆಗಳಲ್ಲಿ ಇದು ಬೇಕಾಗುತ್ತದೆ. ಇದಕ್ಕೆ ಮಿಷೆಲ್ಸ್ ಮಾಧ್ಯಮ ಬಳಸಿ. ಅದು ಸ್ಥಿರೀಕಾರಕವಲ್ಲ, ಸಾಗಣೆಯ ದ್ರವ.
• ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್) ಸಂದೇಹವಿರುವ ದುಗ್ಧಗ್ರಂಥಿಗೆ ಫ್ಲೋ ಸೈಟೋಮೆಟ್ರಿ, ಅಂದರೆ ಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹರಿಸಿ ಅವುಗಳ ಬಗೆ ಗುರುತಿಸುವ ಪರೀಕ್ಷೆ. ಅದಕ್ಕೆ ಜೀವಂತ ಕೋಶಗಳೇ ಬೇಕು.
• ಗೌಟ್‌ನ ಗಂಟು. ಅದರೊಳಗಿನ ಯೂರೇಟ್ ಹರಳುಗಳು ನೀರಿನಲ್ಲಿ ಕರಗುವುದರಿಂದ ನೀರು ಬೆರೆಸದ ಆಲ್ಕೋಹಾಲ್‌ಗೇ ಹಾಕಬೇಕು.

ಈ ಪಟ್ಟಿಯನ್ನು ಥಿಯೇಟರಿನ ಗೋಡೆಗೆ ಅಂಟಿಸಿ. ನಷ್ಟವಾಗುವ ಮಾದರಿಗಳಲ್ಲಿ ಹೆಚ್ಚಿನವು ಲ್ಯಾಬ್‌ನಲ್ಲಿ ಕೆಡುವುದಿಲ್ಲ, ಅಲ್ಲಿಗೆ ಬರುವ ಮೊದಲೇ ಕೆಟ್ಟಿರುತ್ತವೆ.

ಹಂತ 2: ಫಾರ್ಮಾಲಿನ್ ಸರಿಯಾಗಿ ತಯಾರಿಸಿ

ಅಂಗಡಿಯಿಂದ ಬರುವ ಫಾರ್ಮಾಲಿನ್‌ನಲ್ಲಿ 37ರಿಂದ 40% ಫಾರ್ಮಾಲ್ಡಿಹೈಡ್ ಅನಿಲ ಕರಗಿರುತ್ತದೆ. ‘10% ಫಾರ್ಮಾಲಿನ್’ ಎಂದರೆ ಈ ಅಂಗಡಿ ದ್ರಾವಣದ ಒಂದು ಭಾಗಕ್ಕೆ ಒಂಬತ್ತು ಭಾಗ ನೀರು. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಸುಮಾರು 4% ಮಾತ್ರ. ‘40%ವನ್ನು 10%ಕ್ಕೆ ಇಳಿಸಬೇಕು’ ಎಂದು ಲೆಕ್ಕ ಹಾಕಿ ಒಂದಕ್ಕೆ ಮೂರು ಪಾಲು ನೀರು ಬೆರೆಸುವವರಿದ್ದಾರೆ. ಹಾಗೆ ಮಾಡಿದರೆ ಹೊರಪದರ ಬೇಗ ಗಟ್ಟಿಯಾಗುತ್ತದೆ, ಕಣ್ಣು ಮೂಗು ಉರಿಯುತ್ತವೆ, ಲಾಭವೇನೂ ಇಲ್ಲ.

ಒಂದು ಲೀಟರ್ ಬಫರ್ಡ್ ಫಾರ್ಮಾಲಿನ್‌ಗೆ ಬೇಕಾದದ್ದು:

– ಅಂಗಡಿ ಫಾರ್ಮಾಲಿನ್ 100 ಮಿ.ಲೀ.
– ಭಟ್ಟಿ ಇಳಿಸಿದ ನೀರು 900 ಮಿ.ಲೀ.
– ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮಾನೋಹೈಡ್ರೇಟ್ 4 ಗ್ರಾಂ
– ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್, ನೀರಿಲ್ಲದ್ದು, 6.5 ಗ್ರಾಂ

ಲವಣಗಳನ್ನು ನೀರಿನಲ್ಲಿ ಪೂರ್ತಿ ಕರಗಿಸಿದ ಮೇಲೆ ಫಾರ್ಮಾಲಿನ್ ಸೇರಿಸಿ. ಪಿಎಚ್, ಅಂದರೆ ಆಮ್ಲ–ಕ್ಷಾರ ಮಟ್ಟ, 7ರ ಆಸುಪಾಸಿನಲ್ಲಿರಬೇಕು. ಪಿಎಚ್ ಕಾಗದದ ಪಟ್ಟಿ ಅದ್ದಿ ನೋಡಿ, ದಿನಾಂಕದೊಂದಿಗೆ ಬಾಟಲಿಯ ಮೇಲೆ ಬರೆಯಿರಿ.

ಇಲ್ಲಿ ಒಂದು ಎಚ್ಚರಿಕೆ. ಲವಣದ ಡಬ್ಬಿಯ ಲೇಬಲ್ ಪೂರ್ತಿ ಓದಿ. ಎರಡೂ ಲವಣಗಳು ಡೈಹೈಡ್ರೇಟ್ ರೂಪದಲ್ಲೂ ಸಿಗುತ್ತವೆ. ಹಾಗಿದ್ದರೆ ಮೊದಲನೆಯದನ್ನು 4.5 ಗ್ರಾಂ, ಎರಡನೆಯದನ್ನು 8.2 ಗ್ರಾಂ ತೂಗಬೇಕು. ಎರಡನೆಯದು ಡೋಡೆಕಾಹೈಡ್ರೇಟ್ ಆಗಿದ್ದರೆ 16.4 ಗ್ರಾಂ ಬೇಕು, ಏಕೆಂದರೆ ಆ ಹರಳಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ನೀರು. ಇದನ್ನು ಗಮನಿಸದೆ 6.5 ಗ್ರಾಂ ಹಾಕಿದರೆ ದ್ರಾವಣ ಆಮ್ಲದತ್ತ ವಾಲುತ್ತದೆ.

ಬಫರ್ ಇಲ್ಲದ ಫಾರ್ಮಾಲಿನ್ ಇಟ್ಟಲ್ಲೇ ಫಾರ್ಮಿಕ್ ಆಮ್ಲವಾಗುತ್ತಾ ಹೋಗುತ್ತದೆ. ಆಮ್ಲೀಯ ಫಾರ್ಮಾಲಿನ್ ರಕ್ತದ ಹಿಮೋಗ್ಲೋಬಿನ್ ಜೊತೆ ಸೇರಿ ಕಂದು-ಕಪ್ಪು ಕಣಗಳನ್ನು ಉಂಟುಮಾಡುತ್ತದೆ. ಗುಲ್ಮದಂಥ ರಕ್ತ ತುಂಬಿದ ಅಂಗಾಂಶದಲ್ಲಿ ಇದು ಮಲೇರಿಯಾ ವರ್ಣಕದಂತೆಯೇ ಕಾಣಿಸಿ ದಾರಿ ತಪ್ಪಿಸಬಲ್ಲದು. ಬೋರ್‌ವೆಲ್ ನೀರಂತೂ ಬೇಡ. ಅದರ ಕ್ಯಾಲ್ಸಿಯಂ ಫಾಸ್ಫೇಟಿನೊಂದಿಗೆ ಸೇರಿ ತಳದಲ್ಲಿ ಗಸಿ ಕಟ್ಟುತ್ತದೆ. ಹಳೆಯ ಅಂಗಡಿ ಫಾರ್ಮಾಲಿನ್‌ನ ತಳದಲ್ಲಿ ಬಿಳಿ ಹುಡಿ ಕಂಡರೆ ಅದು ಪ್ಯಾರಾಫಾರ್ಮಾಲ್ಡಿಹೈಡ್. ಅಂದರೆ ದ್ರಾವಣದ ಬಲ ಕುಗ್ಗಿದೆ, ಹೊಸದನ್ನು ತರಿಸಿ.

ಹಂತ 3: ಡಬ್ಬಿ ಅಗಲವಿರಲಿ, ದ್ರವ ಧಾರಾಳವಿರಲಿ

ಅಂಗಾಂಶದ ಗಾತ್ರಕ್ಕಿಂತ ಕನಿಷ್ಠ ಹತ್ತು ಪಟ್ಟು, ಸಾಧ್ಯವಾದರೆ ಇಪ್ಪತ್ತು ಪಟ್ಟು ಫಾರ್ಮಾಲಿನ್ ಇರಬೇಕು. ಪಿತ್ತಕೋಶವನ್ನು ಅದು ಹಿಡಿಸುವಷ್ಟೇ ದೊಡ್ಡ ಡಬ್ಬಿಯಲ್ಲಿ ತುರುಕಿ ಮೇಲೆ ನಾಲ್ಕು ಚಮಚ ಫಾರ್ಮಾಲಿನ್ ಸುರಿದು ಕಳುಹಿಸುವುದನ್ನು ಇಂದಿಗೂ ನೋಡುತ್ತೇವೆ. ಡಬ್ಬಿ ತೆರೆದರೆ ಮೇಲ್ಮೈ ಬೂದು, ಒಳಗೆ ಹಸಿರುಗಟ್ಟಿದ ಲೋಳೆ.

ಬಾಯಿ ಕಿರಿದಾದ ಬಾಟಲಿ ಯಾವತ್ತೂ ಬೇಡ. ಮೆತ್ತಗಿರುವಾಗ ಒಳಗೆ ಜಾರಿದ ದುಗ್ಧಗ್ರಂಥಿ ಮರುದಿನ ಗಟ್ಟಿಯಾಗಿರುತ್ತದೆ, ಹೊರಗೆ ಬರುವುದೇ ಇಲ್ಲ. ರೋಗಿಯ ಹೆಸರು, ಸಂಖ್ಯೆ, ಅಂಗದ ಹೆಸರು ಡಬ್ಬಿಯ ಮೈಮೇಲೆ ಇರಲಿ. ಮುಚ್ಚಳದ ಮೇಲೆ ಬರೆದರೆ ಒಂದೇ ಮೇಜಿನಲ್ಲಿ ಎರಡು ಡಬ್ಬಿ ತೆರೆದಾಗ ಮುಚ್ಚಳಗಳು ಅದಲುಬದಲಾಗುತ್ತವೆ.

ಹಂತ 4: ದ್ರವಕ್ಕೆ ದಾರಿ ಮಾಡಿಕೊಡಿ

ಸ್ಥಿರೀಕಾರಕ ಒಳಗಿಳಿಯುವ ವೇಗ ಒಂದೇ ಸಮನಾಗಿರುವುದಿಲ್ಲ. ಬ್ರಿಟಿಷ್ ಜೀವವಿಜ್ಞಾನಿ ಪೀಟರ್ ಮೆಡವಾರ್ 1941ರಲ್ಲಿ ತೋರಿಸಿದಂತೆ, ಇಳಿಯುವ ಆಳವು ಸಮಯದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಅಂದರೆ ಎರಡರಷ್ಟು ಆಳಕ್ಕೆ ನಾಲ್ಕರಷ್ಟು ಸಮಯ. ಮೊದಲ 1 ಮಿ.ಮೀ.ಗೆ ಒಂದು ಗಂಟೆ ಹಿಡಿದರೆ 4 ಮಿ.ಮೀ.ಗೆ 16 ಗಂಟೆ, 10 ಮಿ.ಮೀ.ಗೆ 100 ಗಂಟೆ! ಅಷ್ಟರೊಳಗೆ ನಡುಭಾಗ ಕರಗಿಹೋಗಿರುತ್ತದೆ. ಕರಾವಳಿಯ ಸೆಕೆಯಲ್ಲಿ, ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಇನ್ನೂ ಬೇಗ.

ಆದ್ದರಿಂದ ದೊಡ್ಡ ಅಂಗಗಳನ್ನು ಇಡಿಯಾಗಿ ಮುಳುಗಿಸಿ ಸುಮ್ಮನಿರಬೇಡಿ. ಸ್ತನವನ್ನು ಹಿಂಬದಿಯಿಂದ 1 ಸೆಂ.ಮೀ. ಅಥವಾ ಅದಕ್ಕೂ ಕಡಿಮೆ ಅಂತರದಲ್ಲಿ ಸಾಲಾಗಿ ಸೀಳಿ, ಸೀಳುಗಳ ನಡುವೆ ಫಾರ್ಮಾಲಿನ್‌ನಲ್ಲಿ ಅದ್ದಿದ ಗಾಜ್ ಇಡಿ. ಅಂಚುಗಳಿಗೆ ಶಾಯಿ ಹಚ್ಚಬೇಕಿದ್ದರೆ ಸೀಳುವ ಮೊದಲೇ ಹಚ್ಚಿ. ಗರ್ಭಕೋಶವನ್ನೂ ಕರುಳನ್ನೂ ತೆರೆದಿಡಿ, ಗುಲ್ಮವನ್ನು ತೆಳುವಾಗಿ ಕತ್ತರಿಸಿ. ಕೊಬ್ಬಿರುವ ಮಾದರಿ ತೇಲುತ್ತದೆ. ಮೇಲೆ ಫಾರ್ಮಾಲಿನ್ ಹೀರಿದ ಹತ್ತಿಯನ್ನು ಹೊದಿಸಿ. ಶಸ್ತ್ರಚಿಕಿತ್ಸಕರಿಗೆ ಕತ್ತರಿಸಲು ಹಿಂಜರಿಕೆಯಿದ್ದರೆ ಹಸಿಯಾಗಿಯೇ ಕೂಡಲೇ ಲ್ಯಾಬ್‌ಗೆ ತಲುಪಿಸಲಿ, ಪೆಥಾಲಜಿಸ್ಟ್ ಕತ್ತರಿಸುತ್ತಾರೆ.

ಇಡೀ ಮಿದುಳು ಇದಕ್ಕೆ ಅಪವಾದ. ಹಸಿ ಮಿದುಳನ್ನು ಕತ್ತರಿಸಿದರೆ ಆಕಾರ ಉಳಿಯದು. ತಳದಲ್ಲಿರುವ ಬೇಸಿಲರ್ ಅಪಧಮನಿಯ ಕೆಳಗೆ ದಾರ ತೂರಿಸಿ, ಬಕೆಟ್ಟಿನ ಫಾರ್ಮಾಲಿನ್‌ನಲ್ಲಿ ತಳಕ್ಕೆ ತಾಗದಂತೆ ತಲೆಕೆಳಗಾಗಿ ತೂಗುಬಿಟ್ಟು, ಎರಡು-ಮೂರು ವಾರ ಕಾಯಬೇಕು. ಹೀಗೆ ಸ್ಥಿರೀಕರಿಸಿದ ಮಿದುಳುಗಳನ್ನು ಹತ್ತಿರದಿಂದ ನೋಡಬೇಕೆಂದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯಕ್ಕೆ ಹೋಗಿಬನ್ನಿ, ವಿದ್ಯಾರ್ಥಿಗಳಂತೂ ತಪ್ಪಿಸಬಾರದು.

ಹಂತ 5: ಗಡಿಯಾರ ನೋಡಿ

ದ್ರವ ಒಳಗಿಳಿಯುವುದು ಬೇರೆ, ಸೇತುವೆಗಳು ಕಟ್ಟಿಕೊಳ್ಳುವುದು ಬೇರೆ. ಎರಡನೆಯದು ಇನ್ನೂ ನಿಧಾನ. ಚಿಕ್ಕ ಎಂಡೋಸ್ಕೋಪಿ ತುಣುಕಿಗೂ ಕೆಲವು ಗಂಟೆ ಬೇಕು. ಶಸ್ತ್ರಚಿಕಿತ್ಸೆಯ ಮಾದರಿಗಳಿಗೆ 24 ಗಂಟೆ ಒಳ್ಳೆಯ ಅಳತೆ. ಅವಸರ ಮಾಡಿ ಟಿಶ್ಯೂ ಪ್ರೊಸೆಸರ್‌ಗೆ, ಅಂದರೆ ಅಂಗಾಂಶದ ನೀರು ತೆಗೆದು ಮೇಣ ತುಂಬುವ ಯಂತ್ರಕ್ಕೆ, ಹಾಕಿದರೆ ಫಾರ್ಮಾಲಿನ್ ಬಿಟ್ಟ ಕೆಲಸವನ್ನು ಯಂತ್ರದೊಳಗಿನ ಆಲ್ಕೋಹಾಲ್ ಮುಗಿಸುತ್ತದೆ. ಅಂಚು ಒಂದು ಬಗೆ, ನಡು ಇನ್ನೊಂದು ಬಗೆ. ಸ್ಲೈಡಿನ ಬಣ್ಣ ಎರಡು ಥರ.

ಸ್ತನ ಕ್ಯಾನ್ಸರಿನಲ್ಲಿ ಈ ಲೆಕ್ಕ ನೇರವಾಗಿ ಚಿಕಿತ್ಸೆಯನ್ನು ಮುಟ್ಟುತ್ತದೆ. ಗಡ್ಡೆಯ ಕೋಶಗಳಲ್ಲಿ ಹಾರ್ಮೋನ್ ಮುಂತಾದ ಸಂಕೇತಗಳನ್ನು ಹಿಡಿಯುವ ಗ್ರಾಹಕ ಪ್ರೋಟೀನ್‌ಗಳು ಇವೆಯೇ ಎಂದು ನೋಡುವ ಇಆರ್, ಪಿಆರ್, ಹರ್-2 ಎಂಬ ಪರೀಕ್ಷೆಗಳ ಫಲಿತಾಂಶದ ಮೇಲೆ ಯಾವ ಔಷಧ ಕೊಡಬೇಕೆಂಬುದು ನಿಂತಿದೆ. ಅಮೆರಿಕದ ಕ್ಯಾನ್ಸರ್ ಮತ್ತು ಪೆಥಾಲಜಿ ತಜ್ಞರ ಸಂಘಗಳು ಜಂಟಿಯಾಗಿ ಹೊರಡಿಸಿದ, ಇಲ್ಲಿಯೂ ಪಾಲಿಸಲಾಗುವ ನಿಯಮ ಹೀಗಿದೆ: ದೇಹದಿಂದ ತೆಗೆದ ಒಂದು ಗಂಟೆಯೊಳಗೆ ಫಾರ್ಮಾಲಿನ್ ಸೇರಬೇಕು, ಅದರಲ್ಲಿ 6 ಗಂಟೆಗೆ ಕಡಿಮೆಯಿಲ್ಲದಂತೆ, 72 ಗಂಟೆ ಮೀರದಂತೆ ಇರಬೇಕು. ಸಮಯ ಕಡಿಮೆಯಾದರೆ ಇರುವ ಗ್ರಾಹಕವೂ ಇಲ್ಲವೆಂದು ಬರಬಹುದು. ಆಗ ಹಾರ್ಮೋನ್ ಮಾತ್ರೆಯಿಂದ ಉಪಯೋಗವಾಗುತ್ತಿದ್ದ ಮಹಿಳೆಗೆ ಆ ಮಾತ್ರೆ ಸಿಗದೆ ಹೋಗಬಹುದು. ತೆಗೆದ ಸಮಯ, ಫಾರ್ಮಾಲಿನ್‌ಗೆ ಹಾಕಿದ ಸಮಯ, ಎರಡನ್ನೂ ಅರ್ಜಿಯಲ್ಲಿ ಬರೆಯಿರಿ. ಶುಕ್ರವಾರ ಸಂಜೆಯ ಶಸ್ತ್ರಚಿಕಿತ್ಸೆಯ ಮಾದರಿ ಸೋಮವಾರ ಬೆಳಿಗ್ಗೆ ಸುಮಾರು 63 ಗಂಟೆ ದಾಟಿರುತ್ತದೆ. ಸೋಮವಾರವೂ ರಜೆಯಾದರೆ ಗಡಿ ಮೀರಿತು. ರಜಾದಿನಗಳಲ್ಲಿ ಒಬ್ಬರಾದರೂ ಬಂದು ಮಾದರಿ ಕತ್ತರಿಸಿ ಮುಂದಕ್ಕೆ ಸಾಗಿಸುವ ವ್ಯವಸ್ಥೆ ಇರಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಹಂತ 6: ಪರ್ಯಾಯ ಯಾವಾಗ, ಯಾವುದು?

*ಬೌಯಿನ್ಸ್ ದ್ರಾವಣ.* ಪಿಕ್ರಿಕ್ ಆಮ್ಲದ ಸಂತೃಪ್ತ ದ್ರಾವಣ 75 ಮಿ.ಲೀ., ಅಂಗಡಿ ಫಾರ್ಮಾಲಿನ್ 25 ಮಿ.ಲೀ., ಗ್ಲೇಶಿಯಲ್ ಅಸೆಟಿಕ್ ಆಮ್ಲ 5 ಮಿ.ಲೀ. ಸಂತಾನಹೀನತೆಗಾಗಿ ತೆಗೆದ ವೃಷಣದ ಬಯಾಪ್ಸಿಗೆ ಇದು ಫಾರ್ಮಾಲಿನ್‌ಗಿಂತ ಸ್ಪಷ್ಟವಾಗಿ ಮೇಲು. ವೀರ್ಯಾಣು ಬೆಳೆಯುವ ಹಂತಗಳನ್ನು ಕೋಶಕೇಂದ್ರದ ವಿವರ ನೋಡಿಯೇ ಗುರುತಿಸಬೇಕು. ಆ ವಿವರವನ್ನು ಬೌಯಿನ್ಸ್ ಚೆನ್ನಾಗಿ ಉಳಿಸಿಕೊಡುತ್ತದೆ. ನಾರಿನ ಅಂಗಾಂಶವನ್ನು ಬೇರೆಯಾಗಿ ತೋರಿಸುವ ಟ್ರೈಕ್ರೋಮ್ ಬಣ್ಣವೂ ಇದರ ನಂತರ ಚೆನ್ನಾಗಿ ಹಿಡಿಯುತ್ತದೆ. ಚಿಕ್ಕ ತುಣುಕಿಗೆ ಕೆಲವು ಗಂಟೆ ಸಾಕು, ಒಂದು ದಿನ ಮೀರಿದರೆ ಪೆಡಸಾಗುತ್ತದೆ. ಆಮೇಲೆ 70% ಆಲ್ಕೋಹಾಲ್‌ನಲ್ಲಿ ಹಳದಿ ಬಿಡುವವರೆಗೆ ಬದಲಿಸುತ್ತಾ ತೊಳೆಯಿರಿ. ಇದು ಡಿಎನ್‌ಎಯನ್ನು ಹಾಳುಮಾಡುತ್ತದೆ. ಮುಂದೆ ಜೀನ್ ಪರೀಕ್ಷೆ ಬೇಕಾಗಬಹುದಾದ ಯಾವ ಗಡ್ಡೆಗೂ ಬಳಸಬೇಡಿ. ಕೆಂಪು ರಕ್ತಕಣಗಳೂ ಒಡೆಯುತ್ತವೆ.

ಪಿಕ್ರಿಕ್ ಆಮ್ಲದ ಬಗ್ಗೆ ಗಂಭೀರ ಎಚ್ಚರಿಕೆ: ಒಣಗಿದರೆ ಅದು ಸ್ಫೋಟಕ. ಸದಾ ನೀರಿನಡಿ ಇರಬೇಕು. ಲೋಹದ ಡಬ್ಬಿ, ಲೋಹದ ಚಮಚ ತಾಗಿಸಬಾರದು, ಏಕೆಂದರೆ ಲೋಹದ ಪಿಕ್ರೇಟ್‌ಗಳು ಇನ್ನೂ ಸೂಕ್ಷ್ಮ. ಕಪಾಟಿನ ಮೂಲೆಯಲ್ಲಿ ಮುಚ್ಚಳದ ಸುತ್ತ ಹರಳುಗಟ್ಟಿದ ಹಳೆಯ ಬಾಟಲಿ ಕಂಡರೆ ತೆರೆಯಬೇಡಿ, ಅಲುಗಿಸಬೇಡಿ. ಕೋಣೆ ಮುಚ್ಚಿ ಅಗ್ನಿಶಾಮಕ ಇಲಾಖೆಗೆ ತಿಳಿಸಿ.

*ಕಾರ್ನಾಯ್ಸ್ ದ್ರಾವಣ.* ಇಥನಾಲ್ 60, ಕ್ಲೋರೋಫಾರಂ 30, ಗ್ಲೇಶಿಯಲ್ ಅಸೆಟಿಕ್ ಆಮ್ಲ 10 ಭಾಗ. ಬಹಳ ವೇಗ; ಚಿಕ್ಕ ತುಣುಕಿಗೆ ಒಂದರಿಂದ ಮೂರು ಗಂಟೆ ಸಾಕು. ಗ್ಲೈಕೋಜನ್, ನ್ಯೂಕ್ಲಿಕ್ ಆಮ್ಲಗಳು ಉಳಿಯುತ್ತವೆ. ಕೊಬ್ಬು ಕರಗುತ್ತದೆ, ಅಂಗಾಂಶ ಚೆನ್ನಾಗಿಯೇ ಕುಗ್ಗುತ್ತದೆ. ಸೂಜಿ ಪರೀಕ್ಷೆಯ ಸ್ಲೈಡ್ ತುಂಬ ರಕ್ತವೇ ಬಂದಿದ್ದರೆ ಇದರಲ್ಲಿ ಮೂರರಿಂದ ಐದು ನಿಮಿಷ ಅದ್ದಿ: ರಕ್ತಕಣಗಳು ಒಡೆದು ಹಿನ್ನೆಲೆ ತಿಳಿಯಾಗುತ್ತದೆ. ಬಳಸುವ ದಿನವೇ ತಯಾರಿಸಿ.

*ಆಲ್ಕೋಹಾಲ್.* ಗರ್ಭಕಂಠದ ಪ್ಯಾಪ್ ಸ್ಲೈಡ್‌ಗಳಿಗೆ (ಕ್ಯಾನ್ಸರ್ ತಪಾಸಣೆಗೆ ಕೋಶಗಳನ್ನು ಲೇಪಿಸಿದ ಗಾಜುಗಳಿಗೆ) 95% ಇಥನಾಲ್. ಲೇಪಿಸಿದ ಕೂಡಲೇ, ಒದ್ದೆಯಿರುವಾಗಲೇ ಮುಳುಗಿಸಿ, ಕನಿಷ್ಠ 15 ನಿಮಿಷ ಬಿಡಿ. ಫ್ಯಾನಿನ ಕೆಳಗೆ ಕೆಲವೇ ಸೆಕೆಂಡು ಒಣಗಿದರೂ ಕೋಶಕೇಂದ್ರಗಳು ಊದಿ ಮಸುಕಾಗುತ್ತವೆ, ವರದಿ ಬರೆಯುವವರು ತಡವರಿಸುತ್ತಾರೆ. ಆದರೆ ಗೀಮ್ಸಾ ಬಣ್ಣಕ್ಕೆ ಹೋಗುವ ಸ್ಲೈಡ್‌ಗಳಿಗೆ ಇದಕ್ಕೆ ತದ್ವಿರುದ್ಧ: ಗಾಳಿಯಲ್ಲಿ ಒಣಗಿಸಿ, ಆಮೇಲೆ ಮೆಥನಾಲ್. ಈ ಒಣ ಸ್ಲೈಡ್‌ಗಳನ್ನು ತೆರೆದ ಫಾರ್ಮಾಲಿನ್ ಡಬ್ಬಿಯ ಪಕ್ಕದಲ್ಲಿಡಬೇಡಿ, ಅದರೊಂದಿಗೆ ಒಂದೇ ಚೀಲದಲ್ಲಿ ಕಳುಹಿಸಲೂ ಬೇಡಿ. ಬರೀ ಆವಿಯೇ ಬಣ್ಣವನ್ನು ಕೆಡಿಸುತ್ತದೆ. ಇದು ಬಹಳ ಮಂದಿಗೆ ಗೊತ್ತಿಲ್ಲ.

*ಗ್ಲುಟರಾಲ್ಡಿಹೈಡ್.* ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಮಾತ್ರ. ಬಫರಿನಲ್ಲಿ 2.5%, ತಣ್ಣಗಿರಬೇಕು. ಒಳಗಿಳಿಯುವುದು ಬಹಳ ನಿಧಾನವಾದ್ದರಿಂದ ತುಣುಕು 1 ಮಿ.ಮೀ. ಮೀರಬಾರದು.

ಮೂತ್ರಪಿಂಡದ ಬಯಾಪ್ಸಿಯಲ್ಲಿ ಮೂರು ದ್ರವಗಳೂ ಒಟ್ಟಿಗೆ ಬರುತ್ತವೆ. ನೂಲಿನಷ್ಟು ತೆಳ್ಳಗಿನ ತುಣುಕನ್ನು ಸಲೈನ್ ಹನಿಯಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಗ್ಲೊಮೆರುಲಸ್‌ಗಳು, ಅಂದರೆ ಸೋಸುವ ಗಂಟುಗಳು, ಸಣ್ಣ ಕೆಂಪು ಚುಕ್ಕೆಗಳಾಗಿ ಕಾಣುತ್ತವೆ. ಎರಡೂ ತುದಿಯಿಂದ ಸುಮಾರು 1 ಮಿ.ಮೀ. ಗ್ಲುಟರಾಲ್ಡಿಹೈಡ್‌ಗೆ, ಚುಕ್ಕೆಗಳಿರುವ ಒಂದು ಭಾಗ ಮಿಷೆಲ್ಸ್ ಮಾಧ್ಯಮಕ್ಕೆ, ಉಳಿದದ್ದು ಫಾರ್ಮಾಲಿನ್‌ಗೆ. ಕ್ರಮ ಮುಖ್ಯ: ಮಿಷೆಲ್ಸ್‌ನ ಭಾಗವನ್ನು ಮೊದಲು ಎತ್ತಿಡಿ. ಫಾರ್ಮಾಲಿನ್‌ಗೋ ಗ್ಲುಟರಾಲ್ಡಿಹೈಡ್‌ಗೋ ತಾಗಿದ ಚಿಮಟದಿಂದ ಅದನ್ನು ಮುಟ್ಟಿದರೂ ಇಮ್ಯುನೋಫ್ಲೋರೆಸೆನ್ಸ್ ಕೆಡಬಹುದು.

*ಪಾದರಸದ ದ್ರಾವಣಗಳು.* ಝೆಂಕರ್ಸ್, ಬಿ-5. ಅಸ್ಥಿಮಜ್ಜೆ, ದುಗ್ಧಗ್ರಂಥಿಗಳಲ್ಲಿ ಕೋಶಕೇಂದ್ರವನ್ನು ಅತ್ಯುತ್ತಮವಾಗಿ ತೋರಿಸುತ್ತಿದ್ದವು ಎಂಬುದು ನಿಜ. ಆದರೆ ಪಾದರಸ ವಿಷ, ಅದರ ತ್ಯಾಜ್ಯಕ್ಕೆ ಸುಲಭದ ದಾರಿಯಿಲ್ಲ. ಪಾದರಸವನ್ನು ಹಂತಹಂತವಾಗಿ ಕೈಬಿಡುವ ಮಿನಮಾಟಾ ಒಪ್ಪಂದ 2013ರಲ್ಲಿ ಅಂಗೀಕಾರವಾಗಿ 2017ರಿಂದ ಜಾರಿಯಲ್ಲಿದೆ. ಹೊಸದಾಗಿ ಆರಂಭಿಸಲೇಬೇಡಿ, ಸತು ಸೇರಿಸಿದ ಫಾರ್ಮಾಲಿನ್ ಹೆಚ್ಚುಕಡಿಮೆ ಅದೇ ಕೆಲಸ ಮಾಡುತ್ತದೆ.

‘ಫಾರ್ಮಾಲಿನ್ ಇಲ್ಲದ ಸುರಕ್ಷಿತ ದ್ರವ’ ಎಂದು ಮಾರಾಟವಾಗುವ ಸಿದ್ಧ ದ್ರಾವಣಗಳ ಬಗ್ಗೆಯೂ ಕೇಳುತ್ತೀರಿ. ವಾಸನೆ ಕಡಿಮೆ, ನಿಜ. ಆದರೆ ಇಮ್ಯುನೋ ಪರೀಕ್ಷೆಗಳ, ಅಂದರೆ ಇಆರ್, ಹರ್-2ರಂತೆ ಪ್ರತಿಕಾಯ ಬಳಸಿ ಮಾಡುವ ಪರೀಕ್ಷೆಗಳ, ಮಾನದಂಡಗಳೆಲ್ಲ ಬಫರ್ಡ್ ಫಾರ್ಮಾಲಿನ್ ಮೇಲೆ ನಿಂತಿವೆ. ಒಂದೇ ಅಂಗಾಂಶದ ಅರ್ಧವನ್ನು ಅದರಲ್ಲಿ, ಇನ್ನರ್ಧವನ್ನು ಇದರಲ್ಲಿಟ್ಟು, ನಿಮ್ಮ ಲ್ಯಾಬಿನ ಪ್ರತಿಯೊಂದು ಪರೀಕ್ಷೆಯನ್ನೂ ಹೋಲಿಸಿ ದಾಖಲಿಸುವವರೆಗೆ ಬದಲಾಯಿಸಬೇಡಿ.

ಹಂತ 7: ಸಾಗಣೆ, ಸುರಕ್ಷತೆ, ವಿಲೇವಾರಿ

ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಕೇಂದ್ರಕ್ಕೆ ಮಾದರಿ ಕಳುಹಿಸುವಾಗ ಸೋರದ ಡಬ್ಬಿ, ಅದರ ಸುತ್ತ ಹೀರುವ ಹತ್ತಿ, ಹೊರಗೊಂದು ಗಟ್ಟಿ ಡಬ್ಬಿ. ಫಾರ್ಮಾಲಿನ್ ಮಾದರಿಗೆ ಮಂಜುಗಡ್ಡೆ ಬೇಡ, ಫ್ರೀಜರ್ ಅಂತೂ ಬೇಡವೇ ಬೇಡ. ಅರ್ಜಿಯನ್ನು ಬೇರೆ ಪ್ಲಾಸ್ಟಿಕ್ ಚೀಲದಲ್ಲಿಡಿ.

ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ವರ್ಗೀಕರಿಸಿದೆ. ‘ಇಷ್ಟು ವರ್ಷಗಳಿಂದ ಅಭ್ಯಾಸವಾಗಿದೆ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮೂಗಿಗೆ ಅಭ್ಯಾಸವಾದ ಮಾತ್ರಕ್ಕೆ ಹಾನಿ ನಿಲ್ಲುವುದಿಲ್ಲ. ಮಾದರಿ ಕತ್ತರಿಸುವ ಮೇಜಿನ ಮಟ್ಟದಲ್ಲೇ ಆವಿ ಎಳೆಯುವ ವ್ಯವಸ್ಥೆ, ನೈಟ್ರೈಲ್ ಗ್ಲೌಸ್, ಕನ್ನಡಕ ಇರಲಿ. ಬಟ್ಟೆಯ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ. ಚೆಲ್ಲಿದ ಫಾರ್ಮಾಲಿನ್ ಮೇಲೆ ಬ್ಲೀಚಿಂಗ್ ದ್ರಾವಣ ಸುರಿಯಬೇಡಿ.

ಬಳಸಿದ ಫಾರ್ಮಾಲಿನ್ ಸಿಂಕಿಗೆ ಹೋಗಬಾರದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿ ಅದು ಹಳದಿ ವರ್ಗದ ರಾಸಾಯನಿಕ ದ್ರವ ತ್ಯಾಜ್ಯ: ಪ್ರತ್ಯೇಕವಾಗಿ ಸಂಗ್ರಹಿಸಿ, ಸಂಸ್ಕರಿಸಿದ ನಂತರವಷ್ಟೇ ಬೇರೆ ಕೊಳಚೆ ನೀರಿಗೆ ಸೇರಿಸಬೇಕು. ಉಳಿದ ಅಂಗಾಂಶ ಹಳದಿ ಚೀಲಕ್ಕೆ.

ಈಗಾಗಲೇ ತಪ್ಪಾಗಿದ್ದರೆ

ಮಾದರಿ ಸಲೈನ್‌ನಲ್ಲಿ ಬಂದಿದ್ದರೆ ಕೂಡಲೇ ಫಾರ್ಮಾಲಿನ್‌ಗೆ ಬದಲಿಸಿ, ಎಷ್ಟು ಹೊತ್ತು ಸಲೈನ್‌ನಲ್ಲಿತ್ತೆಂದು ವರದಿಯಲ್ಲಿ ಬರೆಯಿರಿ. ಸ್ಲೈಡಿನಲ್ಲಿ ಫಾರ್ಮಾಲಿನ್ ವರ್ಣಕ ಕಂಡರೆ ಬಣ್ಣ ಹಾಕುವ ಮೊದಲು ಆಲ್ಕೋಹಾಲ್‌ನಲ್ಲಿ ಕರಗಿಸಿದ ಪಿಕ್ರಿಕ್ ಆಮ್ಲದಲ್ಲಿಟ್ಟು ತೊಳೆಯಬಹುದು. ಕಲ್ಚರ್‌ಗೆ ಬೇಕಿದ್ದ ದುಗ್ಧಗ್ರಂಥಿ ಫಾರ್ಮಾಲಿನ್‌ಗೆ ಬಿದ್ದಿದ್ದರೆ ಕಲ್ಚರ್ ಆಸೆ ಬಿಡಿ, ಮಾದರಿ ಎಸೆಯಬೇಡಿ: ಬ್ಲಾಕ್ (ಅಂಗಾಂಶ ಹುದುಗಿಸಿದ ಮೇಣದ ಅಚ್ಚು) ಮಾಡಿ ಕ್ಷಯಾಣುವನ್ನು ತೋರಿಸುವ ಝೀಲ್-ನೀಲ್ಸನ್ ಬಣ್ಣ ಹಾಕಬಹುದು, ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಕೂಡ ಪ್ರಯತ್ನಿಸಬಹುದು. ಸ್ತನದ ಮಾದರಿ 72 ಗಂಟೆ ಮೀರಿದ್ದರೆ ಪರೀಕ್ಷೆ ನಿಲ್ಲಿಸಬೇಡಿ. ಸಮಯವನ್ನು ವರದಿಯಲ್ಲಿ ನಮೂದಿಸಿ, ಫಲಿತಾಂಶ ಋಣಾತ್ಮಕವಾಗಿ ಬಂದರೆ ಶಸ್ತ್ರಚಿಕಿತ್ಸೆಗೆ ಮುಂಚಿನ ಸೂಜಿ ಬಯಾಪ್ಸಿಯ ಬ್ಲಾಕ್ ತರಿಸಿಕೊಂಡು ಅದರ ಮೇಲೆ ಮತ್ತೊಮ್ಮೆ ಮಾಡಿ.